ತಿರುಗಿದ ಪರದೆ – ಕಂತು ಒಂಬತ್ತು: ಹಸಿರು ರೀಫಿಲ್ಲಿನ ತುಂಡು

"ಟಾರ್ಚ್ ಇನ್ನೂ ಸ್ವಲ್ಪ ಎಡಕ್ಕೆ ಹಿಡಿ," ಎಂದರು ಕಾತ್ಯಾಯನಿ.

ಮಾಳವಿಕಾ ಹಿಡಿದಳು. ಬೆಳಕು ಆಟದ ಪೆಟ್ಟಿಗೆಯ ಒಳಗೋಡೆ ಸವರಿಕೊಂಡು ಹೋಗಿ ಕಬ್ಬಿಣದ ಚೌಕಟ್ಟಿನ ಅಂಚಿನಲ್ಲಿ ನಿಂತಿತು. ಅಲ್ಲಿ ರಕ್ತ ಒಣಗಿ ಕಂದುಬಣ್ಣವಾಗಿತ್ತು.

"ಅದಲ್ಲ. ಅದರ ಮೇಲೆ. ಬಾಗಿಲಿನ ಸ್ವಿಚ್ಚಿನ ಹತ್ತಿರ."

ಭಾನುವಾರ ಬೆಳಗ್ಗೆ ಬಡಗಿ ಕೀರ್ತಿಕುಮಾರನ ಬಲಗೈ ಸಿಕ್ಕಿಕೊಂಡದ್ದು ಈ ಚೌಕಟ್ಟಿನಲ್ಲಿ. ಇದನ್ನು ಕಟ್ಟಿದ ಶಿಶಿರ್ ಇವತ್ತು, ಬುಧವಾರ, ಪೊಲೀಸ್ ಠಾಣೆಯ ಬೆಂಚಿನ ಮೇಲೆ ಕೂತಿದ್ದ.

ಚೆಟ್ಟಳ್ಳಿ ರಸ್ತೆಯ ಹಳೆಯ ಕಾಫಿ ಗೋದಾಮನ್ನು ಪ್ರವಾಸಿಗರಿಗೆಂದು ಆಟದ ಮನೆ ಮಾಡಿದ್ದರು. ನಾಣ್ಯ ಹಾಕಿ ಆಡುವ ಹಳೇ ಕಾಲದ ವಿಡಿಯೊ ಗೇಮ್‌ಗಳು, ಒಟ್ಟು ಹನ್ನೊಂದು ಪೆಟ್ಟಿಗೆ. ಹತ್ತು ಹೊರಗಿನಿಂದ ಬಂದವು. ಹನ್ನೊಂದನೆಯದನ್ನು ಶಿಶಿರ್ ಸುಂಟಿಕೊಪ್ಪದ ತನ್ನ ರಿಪೇರಿ ಅಂಗಡಿಯಲ್ಲಿ ಕಟ್ಟಿದ್ದ.

ಹಳೆಯ ಆಟಗಳಲ್ಲಿ ಕೆಲವಕ್ಕೆ ಪರದೆ ಅಡ್ಡ ಇರಬೇಕು, ಕೆಲವಕ್ಕೆ ಉದ್ದ. ಒಂದೇ ಪೆಟ್ಟಿಗೆಯಲ್ಲಿ ಎರಡನ್ನೂ ಆಡಬೇಕಾದರೆ ಪರದೆಯೇ ತಿರುಗಬೇಕು. ಶಿಶಿರ್ ಅದನ್ನು ಮಾಡಿದ್ದ. ಆಡುವವನು ಪಟ್ಟಿಯಲ್ಲಿ ವಿಮಾನದ ಆಟ ಆರಿಸಿದರೆ ಸಾಕು, ಜೀಪಿನ ವೈಪರ್ ಮೋಟರ್ ಒಂದು ಸೈಕಲ್ ಚೈನನ್ನು ಎಳೆದು, ನಲವತ್ತು ಕಿಲೊ ತೂಕದ ಪರದೆಯನ್ನು ಎಂಟು ಸೆಕೆಂಡಿನಲ್ಲಿ ಕಾಲು ಸುತ್ತು ತಿರುಗಿಸುತ್ತಿತ್ತು. ಕೊನೆ ಮುಟ್ಟಿದಾಗ ಪುಟ್ಟ ಸ್ವಿಚ್ಚೊಂದು ಒತ್ತಿಕೊಂಡು ಮೋಟರ್ ನಿಲ್ಲುತ್ತಿತ್ತು.

ಪೆಟ್ಟಿಗೆಯ ಹಿಂಬಾಗಿಲಿಗೆ ಇನ್ನೊಂದು ಸ್ವಿಚ್ ಇತ್ತು. ಬಾಗಿಲು ತೆರೆದ ಕ್ಷಣ ಮೋಟರಿಗೆ ಹೋಗುವ ಕರೆಂಟ್ ಕಡಿಯಬೇಕು. ಒಳಗೆ ಯಾರೇ ಕೈ ಹಾಕಿದರೂ ಅಪಾಯವಿಲ್ಲ.

ಅದನ್ನು ನಂಬಿಯೇ ಕೀರ್ತಿಕುಮಾರ ಬಾಗಿಲು ತೆರೆದು ಬೇರಿಂಗಿಗೆ ಎಣ್ಣೆ ಬಿಡುತ್ತಿದ್ದ. ಅದನ್ನು ನಂಬಿಯೇ ಶಿಶಿರ್ ಮುಂದೆ ನಿಂತು ವಿಮಾನದ ಆಟ ಒತ್ತಿದ. ಪರದೆ ತಿರುಗಿತು. ಕೈ ಅಡ್ಡ ಸಿಕ್ಕಿ ಮೋಟರ್ ನಿಂತು ಫ್ಯೂಸ್ ಹೋಯಿತು. ವೈಪರ್ ಮೋಟರಿನ ಗೇರನ್ನು ಕೈಯಿಂದ ಹಿಂದಕ್ಕೆ ತಿರುಗಿಸಲು ಬರುವುದಿಲ್ಲ. ಚೈನು ಕತ್ತರಿಸಿ ಬೆರಳು ಬಿಡಿಸಲು ಆರು ನಿಮಿಷ ಹಿಡಿಯಿತು. ಸಿಕ್ಕಿಕೊಂಡ ನಾಲ್ಕರಲ್ಲಿ ಎರಡು ಬೆರಳು ಉಳಿಯಲಿಲ್ಲ.

"ಸಿಕ್ಕಿತು," ಎಂದರು ಕಾತ್ಯಾಯನಿ.

ಬಾಗಿಲಿನ ಸ್ವಿಚ್ಚಿನ ಎರಡು ಕಾಲುಗಳ ನಡುವೆ ಹೆಬ್ಬೆರಳಿನುದ್ದದ ವೈರಿನ ತುಂಡೊಂದನ್ನು ಬೆಸೆದಿದ್ದರು. ಸ್ವಿಚ್ ತೆರೆದರೂ ಕರೆಂಟ್ ಆ ತುಂಡಿನ ಮೂಲಕ ಹಾದುಹೋಗುತ್ತಿತ್ತು. ಬಾಗಿಲಿಗೆ ಸ್ವಿಚ್ಚೇ ಇಲ್ಲದಂತೆ.

ಅವರ ಕಣ್ಣು ನಿಂತದ್ದು ವೈರಿನ ಮೇಲಲ್ಲ, ಅದರ ಎರಡು ತುದಿಗೆ ತೊಡಿಸಿದ ಕೊಳವೆಗಳ ಮೇಲೆ.

ಬೆಸುಗೆ ಬೇರೆಡೆಗೆ ತಾಗದಂತೆ ಎಲ್ಲರೂ ಅಂಗಡಿಯಲ್ಲಿ ಸಿಗುವ ಪ್ಲಾಸ್ಟಿಕ್ ಕೊಳವೆ ತೊಡಿಸುತ್ತಾರೆ. ಕುಶಾಲನಗರದ ಕಡೆಯ ಪಾಲಿಟೆಕ್ನಿಕ್ಕಿನಲ್ಲಿ ಕಾತ್ಯಾಯನಿ ಎಲೆಕ್ಟ್ರಾನಿಕ್ಸ್ ಕಲಿಸುತ್ತಿದ್ದಾಗ ಲ್ಯಾಬಿಗೆ ಅದು ಬರುತ್ತಿರಲಿಲ್ಲ. ಅವರು ಮುಗಿದುಹೋದ ಬಾಲ್‌ಪೆನ್ನಿನ ರೀಫಿಲ್ಲುಗಳನ್ನು ಕೂಡಿಟ್ಟು, ಕಾಲಿಂಚು ತುಂಡು ಮಾಡಿ ತೊಡಿಸುವುದನ್ನು ಕಲಿಸಿದರು. ಅವರ ಶಿಷ್ಯರ ಕೆಲಸವನ್ನು ಎಲ್ಲಿ ಕಂಡರೂ ಗುರುತು ಹಿಡಿಯಬಹುದಿತ್ತು. ಶಿಶಿರ್ ಅವರ ಶಿಷ್ಯ. ಅಂಗಡಿಯಲ್ಲಿ ಅವನ ಪಾಲುದಾರ ಸುನಿಲ್ ಕೂಡ.

ಪೆಟ್ಟಿಗೆಯ ಒಳಗಿನ ಉಳಿದ ಬೆಸುಗೆಗಳನ್ನು ಅವರು ಬೆಳಗ್ಗೆಯೇ ಎಣಿಸಿದ್ದರು. ಇಪ್ಪತ್ತಮೂರು ಕೊಳವೆ. ಇಪ್ಪತ್ತಮೂರರ ಒಳಗೂ ನೀಲಿ ಇಂಕಿನ ಪೊರೆ.

"ಇವೆರಡು ಹಸಿರು."

"ಹಸಿರಾ?" ಟಾರ್ಚ್ ಒಮ್ಮೆ ಕದಲಿತು. "ನನಗೆ ಕಪ್ಪಾಗಿ ಕಾಣ್ತಿದೆ ಅತ್ತೆ."

"ಮೂವತ್ತು ವರ್ಷ ವೈರಿನ ಬಣ್ಣ ನೋಡಿದ ಕಣ್ಣು ಕಣೇ ಇದು. ಹಸಿರೇ. ಫೋಟೊ ತೆಗೆ."

ಕಾತ್ಯಾಯನಿಯವರದು ಗುಂಡಿ ಒತ್ತುವ ಫೋನು. ಮಾಳವಿಕಾ ತನ್ನ ಫೋನಿನಲ್ಲಿ ಎರಡು ಫೋಟೊ ತೆಗೆದಳು. ಅವಳು ಅವರ ಅಣ್ಣನ ಮಗಳು. ಅವರದೇ ಪಾಲಿಟೆಕ್ನಿಕ್ಕಿನಲ್ಲಿ ಓದಿ, ಮಡಿಕೇರಿಯ ಅವರ ಮನೆಯಲ್ಲೇ ಇದ್ದುಕೊಂಡು, ಈ ಆಟದ ಮನೆಯ ಉಸ್ತುವಾರಿ ನೋಡಿಕೊಳ್ಳುತ್ತಿದ್ದಳು. ಭಾನುವಾರ ಸಂಜೆ "ಶಿಶಿರ್‌ನ ಹೇಗಾದ್ರೂ ಉಳಿಸಿ ಅತ್ತೆ" ಎಂದು ಅತ್ತು ಅವರನ್ನು ಇಲ್ಲಿಗೆ ಕರೆತಂದದ್ದೂ ಅವಳೇ.

ಕಾತ್ಯಾಯನಿ ಸಬ್ ಇನ್‌ಸ್ಪೆಕ್ಟರ್ ಪೊನ್ನಪ್ಪನವರಿಗೆ ಫೋನ್ ಮಾಡಿದರು. ತಾಂತ್ರಿಕ ಅಭಿಪ್ರಾಯ ಕೊಡಿ ಎಂದು ಅವರೇ ಕೇಳಿಕೊಂಡಿದ್ದರು.

"ಎಂತ ಮೇಡಂ, ಸಿಕ್ಕಿತಾ ಏನಾದ್ರೂ?"

"ಬಾಗಿಲಿನ ಸ್ವಿಚ್ಚಿಗೆ ಅಡ್ಡ ವೈರ್ ಹಾಕಿದ್ದಾರೆ. ಹಾಕಿದವನು ಶಿಶಿರ್ ಅಲ್ಲ. ಅವನ ಕೊಳವೆಗಳೆಲ್ಲ ನೀಲಿ, ಇದು ಹಸಿರು. ನಾನು ಮುಟ್ಟಿಲ್ಲ."

"ಮುಟ್ಟಬೇಡಿ. ನಾಲ್ಕು ಗಂಟೆಗೆ ಪಂಚರನ್ನು ಕರ್ಕೊಂಡು ಬರ್ತೇನೆ. ಆದ್ರೆ ಒಂದು ಮಾತು. ಮಹಜರಿನಲ್ಲಿ ಬರೆಯೋದು ಕಣ್ಣಿಗೆ ಕಂಡದ್ದು ಮಾತ್ರ, ಕಿವಿಗೆ ಬಿದ್ದದ್ದಲ್ಲ. ಟೆಸ್ಟ್ ಮಾಡುವಾಗ ಶಿಶಿರೇ ವೈರ್ ಹಾಕಿ ತೆಗೆಯೋದು ಮರೆತಿರಬೇಕು ಅಂತ ಸುನಿಲ್ ಬರೆದುಕೊಟ್ಟಿದ್ದಾನೆ. ಅದು ತಪ್ಪು ಅಂತ ತೋರಿಸೋದಕ್ಕೆ ಆ ಹಸಿರು ಒಂದೇ ಇರೋದು. ಅದೂ ಇಲ್ಲದಿದ್ರೆ ಇವತ್ತೇ ಆರೋಪಿ ಅಂತ ಶಿಶಿರ್ ಹೆಸರು ಹಾಕ್ತೇನೆ. ಆಮೇಲೆ ಈ ಜಿಲ್ಲೆಯಲ್ಲಿ ಅವನ ಕೈಗೆ ಒಂದು ಇಸ್ತ್ರಿಪೆಟ್ಟಿಗೆ ರಿಪೇರಿಗೂ ಯಾರೂ ಕೊಡೋದಿಲ್ಲ."

ಕಾತ್ಯಾಯನಿ ಫೋನ್ ಇಟ್ಟರು. ಸುನಿಲ್ ಆ ಹೇಳಿಕೆ ಬರೆದುಕೊಟ್ಟದ್ದು ಸೋಮವಾರ. ವೈರ್ ಕಣ್ಣಿಗೆ ಬಿದ್ದದ್ದು ಇವತ್ತು. ಯಾರೂ ನೋಡಿರದ ವೈರಿನ ಸಂಗತಿ ಅವನಿಗೆ ಎರಡು ದಿನ ಮೊದಲೇ ಹೇಗೆ ಗೊತ್ತಾಯಿತು?

ಕಾವಲಿಗಿದ್ದ ಪೇದೆಯನ್ನು ಬೆಳಗ್ಗೆಯೇ ಬಂದೋಬಸ್ತಿಗೆ ಕರೆಸಿಕೊಂಡಿದ್ದರು.

"ನಾನು ಸುಂಟಿಕೊಪ್ಪಕ್ಕೆ ಹೋಗಿ ಬರ್ತೀನಿ. ನೀನು ಈ ಬಾಗಿಲಲ್ಲೇ ಕೂತಿರು. ಯಾರು ಬಂದರು, ಎಷ್ಟು ಗಂಟೆಗೆ ಬಂದರು, ಎಲ್ಲ ಒಂದು ಚೀಟಿಯಲ್ಲಿ ಬರೀತಾ ಹೋಗು."

ಮಾಳವಿಕಾ ಚೀಲದಿಂದ ಪುಸ್ತಕವನ್ನೂ ನೀಲಿ ಪೆನ್ನನ್ನೂ ತೆಗೆದಳು. "ಬೆಕ್ಕು ಬಂದ್ರೂ ಬರೀಲಾ?"

"ಬೆಕ್ಕಿಗೆ ಬೆಸುಗೆ ಹಾಕೋಕೆ ಬರೋದಿಲ್ಲ. ಬಿಡು."

ಇಬ್ಬರೂ ನಕ್ಕರು.

* * *

ಸುನಿಲ್ ಅಂಗಡಿಯಲ್ಲಿ ಒಬ್ಬನೇ ಇದ್ದ. ಮಿಕ್ಸಿಯೊಂದನ್ನು ಬಿಚ್ಚಿಕೊಂಡು ಕೂತಿದ್ದವನು ಎದ್ದು ನಿಂತ.

"ಬನ್ನಿ ಮೇಡಂ. ಟೀ ಹೇಳ್ಲಾ?"

"ಬೇಡ. ನಿನ್ನ ರೀಫಿಲ್ ಡಬ್ಬ ತೋರಿಸು."

ಅವನು ಅವರ ಮುಖವನ್ನೊಮ್ಮೆ ನೋಡಿದ. ಬೆಂಚಿನ ಕೆಳಗಿಂದ ತಗಡಿನ ಡಬ್ಬ ತೆಗೆದು ಮೇಜಿನ ಮೇಲೆ ಬೋರಲು ಹಾಕಿದ. ರೀಫಿಲ್ಲುಗಳು, ಕತ್ತರಿಸಿದ ತುಂಡುಗಳು. ಕಾತ್ಯಾಯನಿ ಬೆರಳಿನಿಂದ ಹರಡಿ ನೋಡಿದರು. ನೀಲಿ. ನಾಲ್ಕೈದು ಕಪ್ಪು. ಹಸಿರು ಒಂದೂ ಇರಲಿಲ್ಲ.

"ಹಸಿರು ಎಲ್ಲಿಟ್ಟಿದ್ದೀಯ?"

"ಯಾವ ಹಸಿರು?"

"ಬಾಗಿಲಿನ ಸ್ವಿಚ್ಚಿಗೆ ಹಾಕಿದ ವೈರಿನದು. ಯಾರೂ ನೋಡುವ ಮೊದಲೇ ಆ ವೈರಿನ ವಿಷಯ ಪೊಲೀಸರಿಗೆ ಬರೆದುಕೊಟ್ಟವನು ನೀನು."

ಸುನಿಲ್ ಕೂತ. ನಿಧಾನವಾಗಿ ಮಿಕ್ಸಿಯ ಬ್ಲೇಡನ್ನು ಪಕ್ಕಕ್ಕಿಟ್ಟ.

"ಬಾಗಿಲು ತೆಗೆದಿದ್ರೂ ಮೋಟರ್ ಓಡ್ತು. ಇನ್ನೇನಿರ್ತದೆ ಮೇಡಂ ಅಲ್ಲಿ? ಟೆಸ್ಟ್ ಮಾಡ್ವಾಗ ಪದೇಪದೇ ಬಾಗಿಲು ಹಾಕೋದು ಬೇಜಾರು ಅಂತ ಎಲ್ರೂ ಒಂದು ತುಂಡು ವೈರ್ ಅಡ್ಡ ಹಾಕ್ತಾರೆ. ನೋಡ್ಬೇಕಾ ಅದನ್ನ? 'ಅಡ್ಡ ಹಾಕಿದ್ದನ್ನ ತೆಗೀದೆ ಮನೆಗೆ ಹೋಗ್ಬೇಡಿ' ಅಂತ ಬೋರ್ಡಲ್ಲಿ ಬರೆಸಿದ್ದೋರು ಯಾರು?"

ಬರೆಸಿದ್ದು ಅವರೇ.

"ಸರಿ. ಆದರೆ ಕೊಳವೆ ಹಸಿರು. ನನ್ನ ಸ್ಟಾಫ್ ರೂಮಿನಲ್ಲಿ ಖಾಲಿ ರೀಫಿಲ್ ಹಾಕಿಡುವ ಗಾಜಿನ ಭರಣಿ ಇತ್ತು. ಅದರಿಂದ ನೀವೆಲ್ಲ ಹಿಡಿಗಟ್ಟಲೆ ಒಯ್ಯುತ್ತಿದ್ದಿರಿ. ಶಿಶಿರ್ ಹತ್ತಿರ ಹಸಿರಿಲ್ಲ. ಉಳಿದವನು ನೀನು."

"ಮೇಡಂ, ನಾವು ಓದ್ವಾಗ ನೀವು ಯಾವ ಇಂಕಲ್ಲಿ ತಿದ್ತಿದ್ರಿ?"

ಕಾತ್ಯಾಯನಿ ಕೈಯಲ್ಲಿದ್ದ ರೀಫಿಲ್ ತುಂಡನ್ನು ಮೇಜಿನ ಮೇಲಿಟ್ಟರು.

ಸುನಿಲ್ ಎದ್ದು, ಗೋಡೆಯ ಕಪಾಟಿನಿಂದ ರಟ್ಟು ಹರಿದ ಲ್ಯಾಬ್ ರೆಕಾರ್ಡ್ ಒಂದನ್ನು ತೆಗೆದು ಅವರ ಮುಂದಿಟ್ಟ. ಮೊದಲ ಪುಟ. ಎರಡನೆಯ ಪುಟ. ಎಲ್ಲೆಲ್ಲೂ ಅವರದೇ ಓರೆ ಅಕ್ಷರ. ಎಲ್ಲೆಲ್ಲೂ ಕೆಂಪು.

"ನಾನು, ಶಿಶಿರ್ ಪಾಸಾಗಿ ಹೋದ್ಮೇಲೆ ನೀವು ಹೆಡ್ ಆಗಿದ್ದು. ಆಮೇಲಲ್ವಾ ಹಸಿರು ಬಂದಿದ್ದು? ನಮ್ಮಂಥೋರು ಯಾರು ಮೇಡಂ ಹಸಿರಲ್ಲಿ ಬರೀತಾರೆ? ಅದು ದೊಡ್ಡ ಆಫೀಸರ್‌ಗಳ ಇಂಕು."

ಅವನು ಹೇಳಿದ್ದರಲ್ಲಿ ಒಂದು ಅಕ್ಷರವೂ ತಪ್ಪಿರಲಿಲ್ಲ. ವಿಭಾಗದ ಮುಖ್ಯಸ್ಥರಾದವರು ಹಸಿರು ಇಂಕಿನಲ್ಲಿ ಸಹಿ ಹಾಕುವುದು ಇಲಾಖೆಯ ರೂಢಿ. ಕಾತ್ಯಾಯನಿ ಮುಖ್ಯಸ್ಥರಾಗಿದ್ದದ್ದು ನಿವೃತ್ತಿಗೆ ಮುಂಚಿನ ಎರಡು ವರ್ಷ. ಹಸಿರು ಪೆನ್ನು ಹಿಡಿದದ್ದು ಆ ಎರಡು ವರ್ಷ ಮಾತ್ರ. ನಿವೃತ್ತಿಯ ದಿನ ಭರಣಿಯನ್ನು ಮನೆಗೆ ತಂದಿದ್ದರು. ಅದೀಗ ಅವರ ಅಡುಗೆಮನೆಯ ಮೇಲಿನ ಶೆಲ್ಫಿನಲ್ಲಿ, ಹುಣಸೆಹಣ್ಣಿನ ಡಬ್ಬದ ಪಕ್ಕ ಇತ್ತು.

ಹೋದ ತಿಂಗಳು ಇಸ್ತ್ರಿಪೆಟ್ಟಿಗೆಯ ವೈರ್ ಕಿತ್ತುಹೋಗಿತ್ತು. ಅದನ್ನು ಬೆಸೆದು ಸರಿಮಾಡಿಕೊಟ್ಟವಳು ಸ್ಟೂಲ್ ಹತ್ತಿ ಆ ಭರಣಿಗೆ ಕೈ ಹಾಕಿದ್ದಳು. ನಾನು ಕಲಿಸಿದ್ದನ್ನು ಮರೆತಿಲ್ಲವಲ್ಲ ಎಂದು ಅವರು ಹಿಗ್ಗಿದ್ದರು.

"ಮೇಡಂ? ನೀರು ಕೊಡ್ಲಾ?"

"ಬೇಡ. ತಪ್ಪು ನನ್ನದು, ಸುನಿಲ್."

"ತಪ್ಪೋ ಒಪ್ಪೋ. ಮೂರು ವರ್ಷ ಮೊದಲನೇ ಬೆಂಚಲ್ಲಿ ಕೂತು ಪಾಠ ಕೇಳ್ದೋನು ನಾನು. ಇವತ್ತು ನೀವು ಒಳಗೆ ಕಾಲಿಡ್ವಾಗಲೇ ನನ್ನನ್ನ ಕಳ್ಳ ಅಂದ್ಕೊಂಡಿದ್ರಿ. ಅದು ಕಾಣ್ತಿತ್ತು."

ಕಾತ್ಯಾಯನಿ ರೆಕಾರ್ಡನ್ನು ಮುಚ್ಚಿ ಅವನ ಕಡೆ ಸರಿಸಿದರು.

"ಹೋಗ್ಲಿ. ಶಿಶಿರ್ ಮೇಲೆ ನೀನು ಯಾಕೆ ಬರೆದುಕೊಟ್ಟೆ? ಎಂಟು ವರ್ಷದ ಗೆಳೆಯ ಅವನು."

"ಗೆಳೆಯ!" ಸುನಿಲ್ ಮೇಜಿನ ಡ್ರಾಯರ್ ಎಳೆದ. "ಪರದೆ ತಿರುಗಿಸೋ ಸರ್ಕ್ಯೂಟ್ ನಾನೇ ತಲೆ ಓಡಿಸಿ ಮಾಡಿದ್ದು ಅಂತ ನನ್ನ ಹತ್ರಾನೇ ಹೇಳ್ದ. ನಾನೂ ಊರೆಲ್ಲ ಹೇಳ್ಕೊಂಡು ಬಂದೆ. ಹೋದ ವಾರ ಸ್ಕ್ರೂ ಹುಡುಕ್ತಾ ಇದ್ದಾಗ ಅವನ ಚೀಲದಲ್ಲಿ ಇದು ಸಿಕ್ತು. ನೋಡಿ."

ನಾಲ್ಕು ಮಡಿಕೆಯ ಡ್ರಾಯಿಂಗ್ ಹಾಳೆ. ಎಸ್ಟೇಟಿನ ಗೇಟನ್ನು ಮೋಟರಿನಿಂದ ತೆರೆದು ಮುಚ್ಚುವ ಸರ್ಕ್ಯೂಟ್. ಮೋಟರನ್ನು ಹಿಂದೆ ಮುಂದೆ ಓಡಿಸಲು ಎರಡು ರಿಲೇ, ಎರಡು ಕೊನೆಯಲ್ಲೂ ನಿಲ್ಲಿಸುವ ಸ್ವಿಚ್, ಅಡ್ಡ ಯಾರಾದರೂ ಬಂದರೆ ಕರೆಂಟ್ ಕಡಿಯುವ ಮತ್ತೊಂದು ಸ್ವಿಚ್. ಗೇಟಿನ ಜಾಗದಲ್ಲಿ ಪರದೆ ಎಂದು ಓದಿಕೊಂಡರೆ ಗೋದಾಮಿನ ಪೆಟ್ಟಿಗೆಯೇ.

ಹಾಳೆಯ ಬಲಮೂಲೆ ಇರಲಿಲ್ಲ. ಬರೆದವರ ಹೆಸರು, ರಿಜಿಸ್ಟರ್ ನಂಬರ್ ಇರುವ ಜಾಗವನ್ನು ಕತ್ತರಿಯಿಂದ ನೇರವಾಗಿ ಕತ್ತರಿಸಿದ್ದರು.

"ಅವನ ಕೈಬರಹ ಅಲ್ಲ ಇದು. ಯಾರ್ದೋ ಕೆಲಸಕ್ಕೆ ಅವನ ಹೆಸರು. ಕದ್ದೋನು ನಂಗೂ ಸುಳ್ಳು ಹೇಳ್ದ. ಆ ಸಿಟ್ಟಲ್ಲಿ ಬರೆದುಕೊಟ್ಟೆ. ಹೂಂ, ಸಿಟ್ಟೇ. ಸುಳ್ಳು ಅಂತೂ ಬರೀಲಿಲ್ಲ. ಮರೆತಿರಬೇಕು ಅಂತ ಬರೆದೆ, ಮರೆತ ಅಂತ ಬರೀಲಿಲ್ಲ."

ಕಾತ್ಯಾಯನಿ ಅವನ ಮಾತು ಕೇಳಿಸಿಕೊಳ್ಳುತ್ತಿರಲಿಲ್ಲ.

ಹಾಳೆಯ ಕೆಳಭಾಗದಲ್ಲಿ ಅರ್ತಿಂಗ್ ಗುರುತು ಇತ್ತು. ಒಂದರ ಕೆಳಗೊಂದು ಚಿಕ್ಕದಾಗುತ್ತ ಹೋಗುವ ಅಡ್ಡಗೆರೆಗಳು. ಎಲ್ಲರೂ ಮೂರು ಎಳೆಯುತ್ತಾರೆ. ಇಲ್ಲಿ ನಾಲ್ಕಿದ್ದವು. ನಾಲ್ಕನೆಯದಕ್ಕೆ ಹಸಿರು ಇಂಕಿನಲ್ಲಿ ಸುತ್ತು ಹಾಕಿ, ಪಕ್ಕದಲ್ಲಿ ಓರೆ ಅಕ್ಷರದಲ್ಲಿ ಬರೆದಿತ್ತು: "ಮೂರು ಸಾಕು. ಎಷ್ಟು ಸಲ ಹೇಳಬೇಕು?"

ಎಷ್ಟು ಸಲ ಹೇಳಿದರೂ ನಾಲ್ಕು ಎಳೆಯುತ್ತಿದ್ದವಳು ಅವರ ಕೊನೆಯ ಬ್ಯಾಚಿನಲ್ಲಿ ಒಬ್ಬಳೇ ಇದ್ದಳು. ಮನೆಗೆ ಬಂದ ಮೇಲೂ ಊಟದ ಮೇಜಿನಲ್ಲಿ ಅದನ್ನೇ ಹೇಳಿ ರೇಗಿಸುತ್ತಿದ್ದರು.

"ಇದನ್ನು ನಾನು ಒಯ್ಯಬಹುದಾ?"

"ಒಯ್ಯಿರಿ. ಯಾರ್ದು ಅಂತ ಗೊತ್ತಾಯ್ತಾ?"

"ಗಂಟೆ ಎಷ್ಟು, ಸುನಿಲ್?"

"ಮೂರೂಕಾಲು."

ಎರಡು ಗಂಟೆಗಿಂತ ಸ್ವಲ್ಪ ಮೊದಲು ಅವರು ಗೋದಾಮಿನಿಂದ ಹೊರಟಿದ್ದರು. ಬೀಗದ ಕೈಯನ್ನು, ಒಳಗೇ ಇದ್ದ ಶಿಶಿರ್‌ನ ಬೆಸುಗೆ ಉಪಕರಣಗಳ ಪೆಟ್ಟಿಗೆಯನ್ನು, ಆ ಎರಡು ಹಸಿರು ತುಂಡುಗಳನ್ನು ಒಬ್ಬಳ ವಶಕ್ಕೆ ಕೊಟ್ಟು.

* * *

ಆಟೊ ಗೋದಾಮಿನ ಮುಂದೆ ನಿಂತಾಗ ಪೊಲೀಸ್ ಜೀಪ್ ಆಗಲೇ ಬಂದಿತ್ತು. ಕಾಫಿ ಒಣಗಿಸುವ ಕಣದ ಅಂಚಿನಲ್ಲಿ ಇಬ್ಬರು ಪಂಚರು ನಿಂತಿದ್ದರು. ಪೊನ್ನಪ್ಪ ಗಡಿಯಾರ ನೋಡಿಕೊಂಡು ಮುಂದೆ ಬಂದರು.

"ನೀವು ಬರಲಿ ಅಂತ ಒಳಗೆ ಕಾಲಿಡಲಿಲ್ಲ ಮೇಡಂ."

ಮಾಳವಿಕಾ ಬಾಗಿಲಿನ ಕುರ್ಚಿಯಿಂದ ಎದ್ದು ಬೀಗ ತೆಗೆದಳು.

ಒಳಗೆ ಎರಡು ಹೆಜ್ಜೆ ಇಟ್ಟ ಕೂಡಲೇ ಕಾತ್ಯಾಯನಿಗೆ ವಾಸನೆ ಬಡಿಯಿತು. ಬೆಸುಗೆ ಹಾಕುವಾಗ ಏಳುವ ರಾಳದ ಹೊಗೆ. ಮೂವತ್ತು ವರ್ಷ ಅವರ ಸೀರೆಗಳಿಗೆ ಹತ್ತಿಕೊಂಡಿದ್ದ ವಾಸನೆ. ಕಿಟಕಿಗಳನ್ನು ತೆರೆದಿಟ್ಟಿದ್ದರೂ ಅದು ಪೂರ್ತಿ ಹೋಗಿರಲಿಲ್ಲ. ಬೆಳಗ್ಗೆ ಕಿಟಕಿಗಳು ಮುಚ್ಚಿದ್ದವು.

ಪೊನ್ನಪ್ಪ ಪೆಟ್ಟಿಗೆಯೊಳಗೆ ಟಾರ್ಚ್ ಬಿಟ್ಟರು. ಪಂಚರು ಬಗ್ಗಿದರು.

"ವೈರ್ ಇದೆ. ನೀವು ಹೇಳಿದ ಜಾಗದಲ್ಲೇ ಇದೆ." ಅವರು ಟಾರ್ಚನ್ನು ಇನ್ನೂ ಹತ್ತಿರ ಹಿಡಿದರು. "ಮೇಡಂ, ಒಮ್ಮೆ ಬನ್ನಿ ಇಲ್ಲಿ."

ಕಾತ್ಯಾಯನಿ ಬಗ್ಗಿ ನೋಡಿದರು. ಹೆಬ್ಬೆರಳಿನುದ್ದದ ವೈರ್. ಎರಡು ತುದಿಗೂ ಕಾಲಿಂಚಿನ ಕೊಳವೆ.

ಎರಡೂ ನೀಲಿ.

"ನೀವು ಹಸಿರು ಅಂದಿರಿ," ಎಂದರು ಪೊನ್ನಪ್ಪ. ಧ್ವನಿಯಲ್ಲಿ ಕುಹಕ ಇರಲಿಲ್ಲ, ಬೇಸರ ಇತ್ತು.

"ಹಸಿರೇ ಇತ್ತು. ಫೋಟೊ ಇದೆ."

ಮಾಳವಿಕಾ ಫೋನ್ ಮುಂದೆ ಮಾಡಿದಳು. "ಫ್ಲ್ಯಾಶಿಗೆ ಬೆಳ್ಳಗಾಗಿಬಿಟ್ಟಿದೆ ಸರ್. ಬಣ್ಣ ಗೊತ್ತಾಗೋದಿಲ್ಲ. ನನಗಂತೂ ಆಗಲೇ ಅನುಮಾನ ಇತ್ತು. ಹಸಿರಲ್ಲ ಅತ್ತೆ ಅಂತ ಹೇಳಿದೆ."

ಹೇಳಿದ್ದಳು. ಟಾರ್ಚ್ ಹಿಡಿದಿದ್ದಾಗಲೇ ಹೇಳಿದ್ದಳು.

"ನಾವು ಇಲ್ಲದಾಗ ಯಾರಾದ್ರೂ ಒಳಗೆ ಹೋದ್ರಾ, ಅಮ್ಮಾ?" ಪೊನ್ನಪ್ಪ ಕೇಳಿದರು.

"ಯಾರೂ ಇಲ್ಲ ಸರ್. ನಾನು ಕುರ್ಚಿ ಬಿಟ್ಟು ಎದ್ದಿಲ್ಲ. ಎಲ್ಲ ಬರೆದಿಟ್ಟಿದ್ದೀನಿ." ಅವಳು ಪುಸ್ತಕದಿಂದ ಹಾಳೆ ಹರಿದು ಅತ್ತೆಯ ಕೈಗೆ ಕೊಟ್ಟಳು.

ಕಾತ್ಯಾಯನಿ ಓದಿದರು.

1.50 – ಅತ್ತೆ ಹೊರಟರು.

2.10 – ಪಕ್ಕದ ಎಸ್ಟೇಟಿನ ಲೆಕ್ಕದ ರೈಟರ್ ಬಂದರು, ಹೊರಗಿನಿಂದಲೇ ಹೋದರು.

3.05 – ಹಾಲಿನವನು ಬಂದ, ಹೊರಗಿನಿಂದಲೇ ಹೋದ.

3.35 – ಜೀಪ್.

ಮೊದಲ ಎರಡು ಸಾಲು ನೀಲಿ ಬಾಲ್‌ಪೆನ್ನಿನವು. ಉಳಿದೆರಡು ಸಾಲು ಪೆನ್ಸಿಲ್. ಸಾಧಾರಣ ಪೆನ್ಸಿಲ್ಲೂ ಅಲ್ಲ. ಬಡಗಿಗಳು ಮರದ ಮೇಲೆ ಗುರುತು ಹಾಕುವ ಚಪ್ಪಟೆ ಪೆನ್ಸಿಲ್ಲಿನ ಅಗಲವಾದ ಗೆರೆ. ಕೀರ್ತಿಕುಮಾರ ಭಾನುವಾರ ಬಿಟ್ಟುಹೋದದ್ದು. ಬೆಳಗ್ಗೆ ಅದು ಒಳಗೆ, ಪೆಟ್ಟಿಗೆಯ ಪಕ್ಕದ ಕಿಟಕಿಯ ಅಂಚಿನ ಮೇಲಿತ್ತು.

"ನಿನ್ನ ಪೆನ್ನು ಎಲ್ಲಿ?" ಅವರು ಮೆಲ್ಲಗೆ ಕೇಳಿದರು.

"ಇಂಕ್ ಮುಗೀತು ಅತ್ತೆ. ಎಸೆದೆ."

ಮಾಳವಿಕಾ ಅವರ ಕೈಯಲ್ಲಿದ್ದ ಇನ್ನೊಂದು ಹಾಳೆಯನ್ನು ಆಗ ಕಂಡಳು. ನಾಲ್ಕು ಮಡಿಕೆಯ ಡ್ರಾಯಿಂಗ್ ಹಾಳೆ. ಅದರ ಮೂಲೆ ಇಲ್ಲದ್ದನ್ನೂ ಕಂಡಳು. ಮುಖದಲ್ಲಿ ಒಂದು ಗೆರೆಯೂ ಬದಲಾಗಲಿಲ್ಲ. ಕಣ್ಣನ್ನು ಅತ್ತೆಯ ಕಣ್ಣಿಗೆ ನೆಟ್ಟು ನಿಂತಳು. ಇಷ್ಟು ವರ್ಷ ಒಂದೇ ಮೇಜಿನಲ್ಲಿ ಉಂಡವಳ ಆ ನೋಟ ಕಾತ್ಯಾಯನಿಗೆ ಹೊಸದು.

"ನೀಲಿ ಅಂತ ಬರ್ಕೊಳ್ಳಿ," ಎಂದರು ಪೊನ್ನಪ್ಪ, ಬರೆಯುತ್ತಿದ್ದ ಪೇದೆಗೆ. ಆಮೇಲೆ ಕಾತ್ಯಾಯನಿಯ ಕಡೆ ಕೈ ಚಾಚಿದರು. "ಆ ಚೀಟಿ ಕೊಡಿ ಮೇಡಂ, ಮಹಜರಿಗೆ ಸೇರಿಸ್ತೇನೆ. ಬೇರೆ ಏನಾದ್ರೂ ಹೇಳೋದಿದ್ರೆ ಈಗಲೇ ಹೇಳಿಬಿಡಿ. ಸಹಿ ಬಿದ್ದ ಮೇಲೆ ಕಷ್ಟ."

ಚೀಟಿ ಕೊಟ್ಟು ಪೆನ್ಸಿಲ್ಲಿನ ಸಾಲುಗಳನ್ನು ತೋರಿಸಿಕೊಟ್ಟರೆ ಇವತ್ತು ರಾತ್ರಿ ಶಿಶಿರ್ ಮನೆಗೆ ಹೋಗುತ್ತಾನೆ. ಮಡಚಿ ಸುಮ್ಮನಿದ್ದರೆ ಮಾಳವಿಕಾ ಮನೆಗೆ ಬರುತ್ತಾಳೆ.

ಕಾತ್ಯಾಯನಿಯ ಬೆರಳು ಚೀಟಿಯನ್ನು ಬಿಡಲಿಲ್ಲ.

"ಕೊಡಿ ಅತ್ತೆ," ಎಂದಳು ಮಾಳವಿಕಾ. "ಅದರಲ್ಲೇನಿದೆ?"